ಹೊನ್ನೆಗೆ ಬಳಿದ ಸುಣ್ಣ

ಬೂದುಗುಂಬಳಕಾಯನ್ನು ಎರಡೂ ಕೈಯಲ್ಲಿ ಎತ್ತಿ ಚೀಲಕ್ಕೆ ಇಳಿಸಿದ ಮೇಲೆ ಒಮ್ಮೆ ಅಂಗೈ ನೋಡಿಕೊಳ್ಳಿ. ಬೆಳ್ಳನೆಯ ಪುಡಿ ಅಂಟಿರುತ್ತದೆ. ಕಾಯಿಯ ಮೇಲೆ ನಿಮ್ಮ ಹತ್ತು ಬೆರಳೂ ಹಸಿರಾಗಿ ಮೂಡಿರುತ್ತವೆ. ಬೆಂಗಳೂರು ನೀಲಿ ದ್ರಾಕ್ಷಿಯದೂ ಇದೇ ಕಥೆ. ಗಾಡಿಯಲ್ಲಿ ಪೇರಿಸಿಟ್ಟ ಗೊಂಚಲಿನ ಮೇಲೆ ಯಾರೋ ಉಸಿರು ಬಿಟ್ಟು ಹೋದ ಹಾಗೆ ಒಂದು ಮಸುಕು. ಮನೆಗೆ ತಂದು ತೊಳೆದು ಒರೆಸಿದರೆ ಕರಿಮಣಿಯ ಹಾಗೆ ಹೊಳೆಯುತ್ತದೆ, ಹೊಳೆದ ಕೂಡಲೇ ಸ್ವಲ್ಪ ಬಡವಾಗುತ್ತದೆ. ಆ ಮಸುಕು ಧೂಳಲ್ಲ, ಹಣ್ಣು ತಾನೇ ಹೊದ್ದುಕೊಂಡ ಮೇಣ.

ನನಗೆ ಮೊದಲಿನಿಂದಲೂ ಇಂಥ ಮೈ ಇಷ್ಟ. ಆದರೆ ಹೊಗಳೋಣವೆಂದರೆ ಕನ್ನಡದಲ್ಲಿ ಪದ ಸಿಕ್ಕುವುದಿಲ್ಲ. ಹೊಳಪಿಗಾದರೆ ಫಳಫಳ, ಥಳಥಳ, ಮಿರಮಿರ, ಲಕಲಕ ಎಂದು ಒಂದು ದಂಡೇ ಇದೆ. ಹೊಳೆಯದ್ದಕ್ಕೆ ಮಂಕು, ಮಾಸಲು, ಕಳೆಗೆಟ್ಟದ್ದು. ಮಲ್ಲಿಗೆಯ ಎಸಳು ಹೊಳೆಯುವುದಿಲ್ಲ, ವಿಭೂತಿ ಹೊಳೆಯುವುದಿಲ್ಲ, ಹೊಸ್ತಿಲ ಮುಂದಿನ ರಂಗೋಲಿ ಹೊಳೆಯುವುದಿಲ್ಲ. ಅವನ್ನೆಲ್ಲ ಮಂಕೆಂದು ಯಾರೂ ಅನ್ನುವುದಿಲ್ಲ ನಿಜ, ಆದರೆ ಆ ಗುಣಕ್ಕೊಂದು ಹೆಸರನ್ನೂ ಯಾರೂ ಕೊಟ್ಟಿಲ್ಲ. ಬಣ್ಣದ ಅಂಗಡಿಯವರು 'ಮ್ಯಾಟ್' ಎಂದು ಮುಗಿಸುತ್ತಾರೆ.

ಈ ಹೆಸರಿಲ್ಲದ ಮೈಯನ್ನು ಒಂದು ಮರದ ಸಾಮಾನಿಗೆ ತೊಡಿಸಲು ಹೋದ ವರ್ತಮಾನ ಇದು. ಸಾಮಾನು ಎಂದರೆ ನಮ್ಮ ತಾತನ ಡೆಸ್ಕು. ಅಮ್ಮನ ಬಾಯಲ್ಲಿ ಅದು ಇಂದಿಗೂ "ಅಣ್ಣನ ಡೆಸ್ಕು". ಅವರ ಮನೆಯಲ್ಲಿ ತಂದೆಯನ್ನು ಅಣ್ಣ ಎನ್ನುವುದು ರೂಢಿ. ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ತಾತ ಶಾನುಭೋಗರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ತೊಡೆಯ ಎತ್ತರಕ್ಕೆ ಬರುವ, ಮುಂದಕ್ಕೆ ಇಳಿಜಾರಾದ ಮುಚ್ಚಳವಿರುವ, ಒಳಗೆ ಮಸಿಕುಡಿಕೆಗೆ ಒಂದು ಗೂಡು, ಲೆಕ್ಕದ ಪುಸ್ತಕಗಳಿಗೆ ಒಂದು ಅಂಕಣ ಇರುವ ಪೆಟ್ಟಿಗೆ. ಹಳೇ ಮೈಸೂರಿನ ಎಷ್ಟೋ ಮನೆಗಳ ಅಟ್ಟದಲ್ಲಿ ಇದರ ಅಣ್ಣತಮ್ಮಂದಿರು ಇರಬೇಕು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ತಾತನಿಗೆ ಲೆಕ್ಕ ಬರೆಯುವ ಕೆಲಸ ತಪ್ಪಿತು, ಡೆಸ್ಕಿಗೂ ತಪ್ಪಿತು. ಆಮೇಲೆ ಅದರಲ್ಲಿ ಅಡಿಕೆ, ಬೀಗದ ಕೈ, ಮದುವೆ ಕರೆಯೋಲೆ, ಕೊನೆಗೆ ಹಾರ್ಲಿಕ್ಸ್ ಬಾಟಲಿಯ ಮುಚ್ಚಳಗಳು.

ಬೇಗೂರಿನ ನಮ್ಮ ಮನೆಗೆ ಬರುವ ಹೊತ್ತಿಗೆ ಅದರ ಮೈಮೇಲೆ ದಪ್ಪನೆಯ ಹಸಿರು ಎನಾಮೆಲ್ ಇತ್ತು. ಎಪ್ಪತ್ತರ ದಶಕದಲ್ಲಿ ಕಿಟಕಿಗೆ ಬಳಿದು ಉಳಿದ ಬಣ್ಣವನ್ನು ಯಾವ ಸೋದರಮಾವನೋ ಇದಕ್ಕೂ ಬಳಿದಿದ್ದ. ಹಸಿರೆಂದರೆ ಆಸ್ಪತ್ರೆಯ ಹಸಿರು. ಬತ್ತಿದ ಕೆರೆಯಂತೆ ಬಿರಿದು, ಅಲ್ಲಲ್ಲಿ ಹಪ್ಪಳ ಎದ್ದಿತ್ತು. ಮುಚ್ಚಳ ಮೂಲದ್ದಲ್ಲ, ಯಾವಾಗಲೋ ಪ್ಲೈವುಡ್ ಕತ್ತರಿಸಿ ಹೊಡೆದದ್ದು. ಹಿಂಬದಿಯ ಹಲಗೆ ಹಲಸು. ಒಂದು ಮೂಲೆಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟ ಕರಿ ಗುರುತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮರಕ್ಕೆ ಬಣ್ಣ ಬಳಿಯುವುದು ಪಾಪವೆಂದು ನಂಬಿದ ಕುಲದಲ್ಲೇ ನಾನೂ ಹುಟ್ಟಿದ್ದು. ಬೀಟೆಯ ಕುರ್ಚಿಗೆ, ಹಳೆಯ ಸಾಗುವಾನಿಯ ಮಂಚಕ್ಕೆ ಯಾರಾದರೂ ಬಿಳಿ ಬಳಿದು ಪಟ ತೆಗೆದು ತೋರಿಸಿದರೆ ನನಗೆ ಇಂದಿಗೂ ಹೊಟ್ಟೆ ಕಿವುಚುತ್ತದೆ. ನೂರು ವರ್ಷ ಮಳೆ ಕುಡಿದು ಮರ ಬರೆದುಕೊಂಡ ಗೆರೆಯನ್ನು ಒಂದು ಮಧ್ಯಾಹ್ನದ ಉತ್ಸಾಹಕ್ಕೆ ಮುಚ್ಚಬಾರದು. ಆದರೆ ಮೂರು ಜಾತಿಯ ಮರ, ಒಂದು ಸುಟ್ಟ ಕಲೆ, ನಾಲ್ಕು ತೇಪೆ ಇರುವ ಈ ಬಡಪಾಯಿಗೆ ಪಾಲಿಶ್ ಹೊಡೆಸಿದರೆ ತೇಪೆಗಳೇ ಎದ್ದು ಕಾಣುತ್ತವೆ. ಇದಕ್ಕೆ ಬೇಕಾದದ್ದು ಒಂದೇ ಬಣ್ಣದ ಹೊದಿಕೆ.

ಅಂಥ ಹೊಳೆಯದ ಹೊದಿಕೆ ಚಾಕ್ ಪೇಂಟ್. ಅದನ್ನು 1990ರಲ್ಲಿ ತಯಾರಿಸಿದವರು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನೆಲೆಸಿದ ಆನಿ ಸ್ಲೋನ್. ಆ ಹೆಸರು ಈಗ ಅವರ ನೋಂದಾಯಿತ ಗುರುತು. ಹಳೆಯ ಸಾಮಾನನ್ನು ಉಜ್ಜಿ, ಅಸ್ತರಿ ಹೊಡೆದು, ವಾರಗಟ್ಟಲೆ ಕಾಯುವ ರಗಳೆಯಿಲ್ಲದೆ ನೇರವಾಗಿ ಬಳಿಯಬಹುದು, ಒಣಗಿದ ಮೇಲೆ ಮೇಣ ತಿಕ್ಕಿದರಾಯಿತು ಎಂಬುದು ಅದರ ಆಕರ್ಷಣೆ. ಒಣಗಿದ ಮೈ ಸೀಮೆಸುಣ್ಣದ ಹಾಗಿರುತ್ತದೆ, ಅದಕ್ಕೇ ಆ ಹೆಸರು. ಓದಿದಾಗ ನನಗೆ ನಗು ಬಂತು. ಹಡಗಿನಲ್ಲಿ ಬಂದದ್ದಕ್ಕೆಲ್ಲ ನಾವು ಸೀಮೆ ಅಂಟಿಸಿದವರು: ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ. ಇದು ನಿಜಕ್ಕೂ ಸೀಮೆಯ ಸುಣ್ಣ. ಪರದೇಶದ ಡಬ್ಬಿಯ ಬೆಲೆ ನೋಡಿ ಅದನ್ನು ಅಲ್ಲೇ ಇಟ್ಟು, ನಮ್ಮ ಬಡಗಿಯನ್ನು ಕೇಳಲು ಹೋದೆ.

ಬೇಗೂರಿನ ಹಳೆಯ ಬೀದಿಯಲ್ಲಿ ಇನ್ನೂ ಒಬ್ಬ ಆಚಾರ್ರು ಬಾಗಿಲು ಚೌಕಟ್ಟಿನ ಕೆಲಸ ಮಾಡುತ್ತಾರೆ. ಡೆಸ್ಕಿನ ಹಸಿರನ್ನು ಉಳಿಯ ತುದಿಯಿಂದ ಒಂದಿಷ್ಟು ಹೆರೆದು, ಕೆಳಗಿನ ಮರವನ್ನು ಮೂಸಿ, "ಹೊನ್ನೆ ಅಮ್ಮಾ ಇದು, ಅಕ್ಕಪಕ್ಕದ ಹಲಗೆ ಎರಡೂ ಹೊನ್ನೆ" ಎಂದರು. ಆಮೇಲೆ, "ನೀರಿನ ಬಣ್ಣ ಹಾಕ್ತೀರ? ಹಾಕಿ, ಹಾಕಿ. ಆಮೇಲೆ ಬನ್ನಿ" ಎಂದು ನಕ್ಕರು. ಆ ನಗು ಅರ್ಥವಾದದ್ದು ಬಣ್ಣ ಬಳಿದ ಮೇಲೆ.

ಹಸಿರನ್ನು ಕೆರೆದು ತೆಗೆಯಲು ಎರಡು ಭಾನುವಾರ ಹಿಡಿಯಿತು. ಉಪ್ಪುಕಾಗದ ಎಂಬ ಹೆಸರು ಇಟ್ಟವರಿಗೆ ನಮಸ್ಕಾರ. ಕೈಗೆ ತಾಗಿದರೆ ಕಲ್ಲುಪ್ಪೇ. ಬಣ್ಣವನ್ನು ಮನೆಯಲ್ಲೇ ಕಲಸಿದೆ. ಮೂರು ಲೋಟ ಬಿಳಿ ಎಮಲ್ಷನ್, ಒಂದು ಲೋಟ ಚಾಕ್ ಪೌಡರ್, ಪುಡಿ ಕದಡಿಕೊಳ್ಳಲು ಬೇಕಾದಷ್ಟು ನೀರು. ಈ ಚಾಕ್ ಪೌಡರ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಕಿಟಕಿ ಗಾಜು ಕೂರಿಸುವ ಪುಟ್ಟಿಗೆ ಅಗಸೆ ಎಣ್ಣೆಯಲ್ಲಿ ನಾದುವುದು ಇದನ್ನೇ. ಶಾಲೆಯ ಸೀಮೆಸುಣ್ಣದ ಕಡ್ಡಿ ಪುಡಿ ಮಾಡಿದರೆ ಸಾಲದೇ ಎಂದು ಕೇಳಬೇಡಿ. ಅದು ಬಹುಮಟ್ಟಿಗೆ ಜಿಪ್ಸಂ, ಇದು ಸುಣ್ಣಕಲ್ಲಿನ ಪುಡಿ. ಮೊದಲು ಪುಡಿಯನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕದಡಿ, ಹಳೆಯ ಪಂಚೆಯಲ್ಲಿ ಶೋಧಿಸಿ, ಆಮೇಲೆ ಬಣ್ಣಕ್ಕೆ ಸೇರಿಸಬೇಕು. ನಾನು ಮೊದಲ ಸಲ ಪುಡಿಯನ್ನು ಒಣಗಿದ್ದಂತೇ ಸುರಿದು ಗಂಟುಗಂಟು ಉಪ್ಪಿಟ್ಟು ಮಾಡಿಕೊಂಡೆ.

ಬಣ್ಣ ಯಾವುದೆಂಬ ಪ್ರಶ್ನೆಗೆ ಕ್ಯಾಟಲಾಗಿನಲ್ಲಿ ನೂರು ಉತ್ತರ ಇದ್ದವು. ನನಗೆ ಬೇಕಾದದ್ದು ಗೋಡೆಯ ಬಣ್ಣ, ತಾತನ ಮನೆಯ ಗೋಡೆಯದು. ಯುಗಾದಿಗೆ ಮುಂಚೆ ಸುಟ್ಟ ಸುಣ್ಣವನ್ನು ಹಂಡೆಯ ನೀರಿಗೆ ಹಾಕಿದರೆ ಅದು ಕೊತಕೊತ ಕುದಿಯುತ್ತಿತ್ತು; ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ತಣಿದ ಮೇಲೆ ಒಂದು ಚಿಟಿಕೆ ನೀಲಿ, ಬಟ್ಟೆಗೆ ಹಾಕುವ ನೀಲಿಯೇ. ನಾರಿನ ಕುಂಚದಲ್ಲಿ ಬಳಿದ ಹಸಿಸುಣ್ಣ ಮೊದಲಿಗೆ ಏನೂ ಕಾಣುವುದಿಲ್ಲ, ಗೋಡೆ ಒದ್ದೆಯಾದಂತೆ ಅಷ್ಟೇ. ಊಟ ಮಾಡಿ ಬಂದು ನೋಡಿದರೆ ಬೆಳ್ಳಗಾಗಿರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಅದು ಮತ್ತೆ ಕಲ್ಲಾಗುತ್ತಾ ಹೋಗುತ್ತದೆ, ಗೂಡಿನಲ್ಲಿ ಸುಡುವ ಮುಂಚೆ ಇದ್ದ ಅದೇ ಸುಣ್ಣಕಲ್ಲು. ನನ್ನ ಬಕೆಟ್ಟಿನಲ್ಲಿದ್ದ ಪುಡಿಯೂ ಅದೇ ವಸ್ತು. ಹಾಗಾಗಿ ಒಂದು ಚಿಟಿಕೆ ನೀಲಿ ಹಾಕಿದೆ. ಬಿಳಿಯೋ ನೀಲಿಯೋ ಹೇಳಲಾಗದ ಹಾಗೆ, ತೊಳೆದು ಒಣಹಾಕಿದ ಪಂಚೆಯ ಹಾಗೆ.

ಮೊದಲ ಕೈ ಬಳಿದು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಪಕ್ಕದ ಹಲಗೆಗಳ ಮೇಲೆ ಚಹಾ ಚೆಲ್ಲಿದಂತೆ ಹಳದಿ, ಕಂದು ಕಲೆಗಳು. ಇನ್ನೊಂದು ಕೈ ಬಳಿದೆ. ಕಲೆ ಮತ್ತೆ ಮೇಲೆ ಬಂತು, ಇನ್ನಷ್ಟು ಅಗಲವಾಗಿ. ಹೊನ್ನೆ ಮರದ ಲೋಟ ಗೊತ್ತಲ್ಲ? ರಾತ್ರಿ ನೀರು ಹಾಕಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮಾರುತ್ತಾರೆ. ಕಾಯಿಲೆಯ ಮಾತು ವೈದ್ಯರಿಗೆ ಬಿಟ್ಟದ್ದು. ನೀರು ಕಷಾಯದ ಬಣ್ಣಕ್ಕೆ ತಿರುಗುವುದನ್ನು, ಬಿಸಿಲಿಗೆ ಹಿಡಿದರೆ ಅದರ ಅಂಚಿನಲ್ಲಿ ನೀಲಿಯೊಂದು ಆಡುವುದನ್ನು ನಾನೇ ಕಂಡಿದ್ದೇನೆ. ಆ ಲೋಟದಲ್ಲಿ ನಡೆಯುವುದೇ ನನ್ನ ಡೆಸ್ಕಿನಲ್ಲಿ ನಡೆದಿತ್ತು. ಬಣ್ಣದಲ್ಲಿದ್ದ ನೀರು ಮರದ ಒಗರನ್ನು ಎಳೆದು ತಂದಿತ್ತು. ಅಸ್ತರಿ ಬೇಡ ಎಂಬ ಡಬ್ಬಿಯ ಮಾತನ್ನು ಆಡಿದವರು ಹೊನ್ನೆಯನ್ನು ನೋಡಿರಲಿಕ್ಕಿಲ್ಲ.

"ಬಂದ್ರಾ?" ಎಂದರು ಆಚಾರ್ರು. ಒಳಗೆ ಹೋಗಿ ಒಂದು ಹಳೆಯ ಸೀಸೆ ತಂದರು. ಚಪಡಾ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ನೆನೆಸಿಟ್ಟದ್ದು, ಜೇನಿನ ಬಣ್ಣ. ಬಡಗಿಗಳು ಪಾಲಿಶ್ ಎನ್ನುವುದು ಇದಕ್ಕೇ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ನೀರಿಗೆ ಜಗ್ಗುವುದಿಲ್ಲ; ಅದರ ಒಂದು ತೆಳುವಾದ ಕೈ ಹೊಡೆದರೆ ಮರದ ಒಗರು ಅದನ್ನು ದಾಟಿ ಬರಲಾರದು. ನನಗೆ ಮೋಜೆನಿಸಿದ್ದು ಬೇರೆ. ಹೊಳಪಿಗೆಂದೇ ಹುಟ್ಟಿದ ವಸ್ತು ಅರಗು. ಚನ್ನಪಟ್ಟಣದಲ್ಲಿ ಚರಕಿಯ ಮೇಲೆ ತಿರುಗುತ್ತಿರುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ; ಮೇಲೆ ತಾಳೆ ಹೂವಿನ ಗಿಡದ ಗರಿ ಒತ್ತಿದರೆ ಗೊಂಬೆಯ ಮೈಯಲ್ಲಿ ನಿಮ್ಮ ಮುಖ ಕಾಣುತ್ತದೆ. ಅಂಥ ಅರಗು ಇಲ್ಲಿ ಮಸುಕಿನ ಕೆಳಗೆ ಯಾರಿಗೂ ಕಾಣದೆ ಕಾವಲು ಕೂತಿದೆ.

ಅರಗು ಒಣಗಿದ ಮೇಲೆ ಬಳಿದ ಬಣ್ಣ ನಿಂತಿತು. ಅದು ಒಣಗುವುದನ್ನು ನಾನು ಕೂತು ನೋಡಿದೆ. ಬೇರೆ ಕೆಲಸವಿಲ್ಲವೇ ಎಂದು ಮನೆಯವರು ಕೇಳಿದರು, ಇರಲಿಲ್ಲ. ಕುಂಚ ಎತ್ತಿದ ಗಳಿಗೆಯಲ್ಲಿ ಮೈಯೆಲ್ಲ ಒದ್ದೆ ಹೊಳಪು, ಕಿಟಕಿಯ ಸರಳುಗಳು ಮುಚ್ಚಳದ ಮೇಲೆ ತಲೆಕೆಳಗಾಗಿ ಕಾಣುತ್ತವೆ. ಆಮೇಲೆ ಅಂಚಿನಿಂದ ಶುರುವಾಗಿ ಹೊಳಪು ಹಿಂಗುತ್ತಾ ಬರುತ್ತದೆ, ಮಳೆ ನಿಂತ ಅಂಗಳದ ಹಾಗೆ. ಕೊನೆಗೆ ನಡುವಿನಲ್ಲಿ ಅಂಗೈಯಗಲ ಒಂದು ಕೊಳ ಉಳಿಯುತ್ತದೆ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಅದೂ ಇಲ್ಲ. ಸರಳುಗಳು ಅಳಿಸಿಹೋಗಿ ಬರೀ ಬೆಳಕು ಉಳಿಯುತ್ತದೆ.

ಇದರ ಒಳಗುಟ್ಟು ಬೇಗೂರು ಕೆರೆಯ ದಂಡೆಯಲ್ಲಿ ನಿಂತರೆ ತಿಳಿಯುತ್ತದೆ. ಕೆರೆ ತುಂಬಿದಾಗ ತಳದ ಕಲ್ಲು ಒಂದೂ ಕಾಣದು, ಮೇಲೆ ಆಕಾಶ ಹೊಳೆಯುತ್ತದೆ. ನೀರು ಇಳಿದಾಗ ಕಲ್ಲು, ಹೆಂಟೆ, ಹುಲ್ಲಿನ ಬುಡ ಎಲ್ಲವೂ ತಲೆ ಎತ್ತುತ್ತವೆ, ಆಕಾಶ ಅಲ್ಲಿ ಮೂಡುವುದಿಲ್ಲ. ಎನಾಮೆಲ್ ಎಂದರೆ ತುಂಬಿದ ಕೆರೆ: ಅಂಟು ಹೆಚ್ಚು, ಪುಡಿ ಅದರಲ್ಲಿ ಮುಳುಗಿರುತ್ತದೆ. ಚಾಕ್ ಪೇಂಟಿನಲ್ಲಿ ಪುಡಿ ಹೆಚ್ಚು, ಅಂಟು ಕಡಿಮೆ. ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣಕಲ್ಲುಗಳು ಮೇಲೆದ್ದು ನಿಂತು, ಬಿದ್ದ ಬೆಳಕನ್ನು ಒಂದೇ ಕಡೆಗೆ ವಾಪಸು ಎಸೆಯದೆ ಸುತ್ತಲೂ ಹಂಚಿಬಿಡುತ್ತವೆ. ಹಾಗಾಗಿ ಹೊಳೆಯುವ ವಸ್ತು ನಿಮಗೆ ಕಿಟಕಿಯನ್ನು, ದೀಪವನ್ನು, ನಿಮ್ಮನ್ನೇ ತೋರಿಸುತ್ತದೆ. ಹೊಳೆಯದ್ದು ತನ್ನನ್ನು ತೋರಿಸುತ್ತದೆ.

ನಾಗೇಶ್ವರನ ಗುಡಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಗಂಗರ ಕಾಲದ, ಸುಮಾರು 890ರ ಒಂದು ಶಾಸನ ಅಲ್ಲಿಯೇ ಇದೆ. 'ಬೆಂಗಳೂರು' ಎಂಬ ಹೆಸರು ಕಲ್ಲಿನಲ್ಲಿ ಸಿಕ್ಕಿದ್ದು, ಒಂದು ಕಾಳಗದ ಮಾತಿನೊಂದಿಗೆ, ಇಲ್ಲಿ. ಮಧ್ಯಾಹ್ನದ ನೆತ್ತಿಯ ಬಿಸಿಲಲ್ಲಿ ಹೋದರೆ ಬರೀ ಒರಟು ಕಲ್ಲು. ಇಳಿಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಕಲ್ಲು ಹೊಳೆಯದಿರುವುದರಿಂದಲೇ ಅದು ಸಾಧ್ಯ. ಎಣ್ಣೆ ಬಳಿದ ಕಲ್ಲಿನ ಮೇಲೆ ಬೆಳಕು ಜಾರಿಹೋಗುತ್ತದೆ. ಹಿಂದೆಲ್ಲ ಮಸುಕಾದ ಶಾಸನಗಳನ್ನು ಓದಲು ಹಿಟ್ಟನ್ನೋ ಸೀಮೆಸುಣ್ಣವನ್ನೋ ಸವರುತ್ತಿದ್ದರು. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ, ಕಲ್ಲಿಗೆ ಏನನ್ನೂ ಸವರಬೇಕಾಗಿಲ್ಲ. ಇಲ್ಲಿಯದೇ ಇನ್ನೊಂದು ಕಲ್ಲು, ನಾಗತ್ತರನ ಕಾಳಗದ ದೊಡ್ಡ ವೀರಗಲ್ಲು, ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಆನೆ ಕುದುರೆ ಒತ್ತೊತ್ತಾಗಿ ನುಗ್ಗುವ ಆ ಗದ್ದಲ ಓರೆ ಬೆಳಕಿಲ್ಲದೆ ಬಿಡಿಸಿಕೊಳ್ಳುವುದಿಲ್ಲ.

ತಾತನಿಗಿಂತ ಹಿಂದಿನ ಶಾನುಭೋಗರ ಕೈಯಲ್ಲಿ ಇನ್ನೊಂದು ಹೊಳೆಯದ ವಸ್ತುವಿತ್ತು: ಕಡತ. ಇಂದು ಕಡತವೆಂದರೆ ಕಚೇರಿಯ ಫೈಲು, ವಿಲೇವಾರಿಯಾಗದೆ ಕೂತಿರುವುದು. ಆಗ ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲಿನ ಪುಡಿ ಕಲಸಿ ಬಳಿದು, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಸಿಡುತ್ತಿದ್ದರು. ಬರೆಯುವುದು ಬಳಪದ ಕಡ್ಡಿಯಿಂದ, ಕಪ್ಪಿನ ಮೇಲೆ ಬಿಳಿ. ಬೇಲೂರು ಹಳೇಬೀಡಿನ ಮದನಿಕೆಯರು ಮೈದಳೆದದ್ದೂ ಇದೇ ಬಳಪದ ಕಲ್ಲಿನಲ್ಲಿ ಎಂಬುದನ್ನು ನೆನೆದರೆ ನನಗೆ ಯಾವಾಗಲೂ ಒಂಥರಾ ಆಗುತ್ತದೆ: ಮದನಿಕೆಯ ದಾಯಾದಿ ಕಂದಾಯದ ಬಾಕಿ ಬರೆಯುತ್ತಾ ಸವೆದಿದ್ದಾಳೆ. ಕಡತದ ಮೈ ನುಣುಪಾಗಿ ಹೊಳೆದಿದ್ದರೆ ಬಳಪ ಜಾರುತ್ತಿತ್ತು. ಅಕ್ಷರ ಕೂರಲು ಒಂದಿಷ್ಟು ಒರಟು ಬೇಕು.

ಹುಣಸೆಬೀಜದ ಅಂಟು ಎಂದಾಗ ಕೊಪ್ಪಳದ ಕಿನ್ನಾಳ ನೆನಪಾಗುತ್ತದೆ. ಅಲ್ಲಿಯ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಆ ಅಂಟಿನಲ್ಲಿ ಜೋಡಿಸಿ, ನಾರು ಹೊಟ್ಟಿನ ಕಣಕ ಮೆತ್ತಿ ಸಂದು ಮುಚ್ಚಿ, ಅದರ ಮೇಲೆ ಕಲ್ಲಿನ ಪುಡಿಯ ಬಿಳಿ ಲೇಪ ಕೊಡುತ್ತಾರೆ. ದೇವಿಯ ಮುಖಕ್ಕೆ ಕಣ್ಣು ಬರೆಯುವ ಮುಂಚೆ ಆ ಬಿಳಿಯ ಮೈಯೊಂದನ್ನು ನೋಡಿದರೆ ಅಷ್ಟಕ್ಕೇ ನಿಲ್ಲಿಸಬಾರದೇ ಅನ್ನಿಸುತ್ತದೆ. ಅವರು ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಅಲ್ಲಿ ಬಿಳಿ ಒಳಗಿನ ಅಚ್ಚು ಮಾತ್ರ, ಮೇಲೆ ಕೆಂಪು, ಹಳದಿ, ಬಂಗಾರ ಏರಲೇಬೇಕು. ಆದರೂ ಮರಕ್ಕೆ ಸುಣ್ಣಕಲ್ಲು ಸವರುವುದು ಆಕ್ಸ್‌ಫರ್ಡಿನಿಂದ ಕಲಿಯಬೇಕಾದ ವಿದ್ಯೆ ಆಗಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಕಿನ್ನಾಳ ಬೇಕು.

ಇನ್ನು ಮೇಣ. ಬಳಿದು ಬಿಟ್ಟರೆ ಈ ಮೈ ನೀರಿನ ಹನಿಗೂ ಕಲೆಗಟ್ಟುತ್ತದೆ, ಎಣ್ಣೆಗೈ ತಾಗಿದರೆ ಮುಗಿಯಿತು. ಕೊಡಗಿನಿಂದ ತಂದ ಜೇನುಮೇಣದ ಗಟ್ಟಿಯಿತ್ತು. ಒಂದು ಪಾಲು ಮೇಣಕ್ಕೆ ಮೂರು ಪಾಲು ಟರ್ಪಂಟೈನ್. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಲೆ ಆರಿಸಿ, ಪಾತ್ರೆಯನ್ನು ಹೊರಗೆ ಒಯ್ದು ಟರ್ಪಂಟೈನ್ ಬೆರೆಸಬೇಕು. ಉರಿಯ ಹತ್ತಿರ ಟರ್ಪಂಟೈನ್ ಸುಳಿಯಬಾರದು. ಆರಿದಾಗ ಬೆಣ್ಣೆಯ ಹದ. ಹತ್ತಿ ಬಟ್ಟೆಯಲ್ಲಿ ತೆಗೆದು ಸುತ್ತಿಸುತ್ತಿ ತಿಕ್ಕಿದರೆ ಪುಡಿಯ ಸಂದುಗಳಿಗೆ ಮೇಣ ಇಳಿದು ಬಣ್ಣ ಒಂದು ಎಳೆ ಕಪ್ಪಾಗುತ್ತದೆ, ಒದ್ದೆ ಗೋಡೆಯ ಬಣ್ಣಕ್ಕೆ ಮರಳಿದಂತೆ. ಅರ್ಧ ಮುಚ್ಚಳಕ್ಕೆ ಹಚ್ಚಿ ನಿಲ್ಲಿಸಿ ನೋಡಿದೆ. ಮೇಣ ಕಾಣದ ಅರ್ಧ ರಂಗೋಲಿಯಂತೆ ಒಣಗಿ, ಮುಟ್ಟಿದರೆ ಹಲ್ಲು ಜುಮ್ಮೆನ್ನುವಂತಿತ್ತು. ಮೇಣ ಕುಡಿದ ಅರ್ಧ ದ್ರಾಕ್ಷಿಯ ಮೈ. ಬೆರಳ ಹಿಂಬದಿಯಿಂದ ಸವರಿ ನೋಡಬೇಕು, ತುದಿಯಿಂದಲ್ಲ. ತುದಿಗೆ ಕೆಲಸದ ಕಾಠಿಣ್ಯ ಇರುತ್ತದೆ.

ಈ ವಿದ್ಯೆಯಲ್ಲಿ ನನಗೆ ಒಪ್ಪದ ಒಂದು ಚಾಳಿಯಿದೆ. ಬಳಿದ ಮೇಲೆ ಅಂಚುಗಳನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ, ಬೇಕೆಂದೇ ಹಳತು ಮಾಡುವುದು. ಸರಪಳಿಯಿಂದ ಹೊಡೆದು ಗಾಯ ಮಾಡುವವರೂ ಇದ್ದಾರಂತೆ. ಹಳೆಯದನ್ನು ಹೊಸತು ಮಾಡಿ, ಹೊಸತನ್ನು ಮತ್ತೆ ಹಳೆಯದು ಮಾಡುವ ಈ ಸರ್ಕಸ್ಸು ಯಾಕೆ? ಸವೆತಕ್ಕೂ ಒಂದು ನ್ಯಾಯವಿದೆ. ಡೆಸ್ಕಿನ ಮುಂದಿನ ಅಂಚಿನಲ್ಲಿ, ಬಲಕ್ಕೆ, ಒಂದು ಗೇಣಿನಷ್ಟು ಮರ ಸವೆದು ಬಾಗಿದೆ. ತಾತನ ಮಣಿಕಟ್ಟು ಊರುತ್ತಿದ್ದ ಜಾಗ. ಎಡಕ್ಕೆ ಹಾಗಿಲ್ಲ. ಮುಚ್ಚಳ ಎತ್ತಲು ಹೆಬ್ಬೆರಳು ಹಾಕುವ ಕಡೆ ಒಂದು ಸಣ್ಣ ಗುಳಿ. ಆ ಎರಡು ಕಡೆ ಮಾತ್ರ ನಾನು ಬಣ್ಣವನ್ನು ಉಜ್ಜಿ ತೆಗೆದು ಮರವನ್ನು ಕಾಣಿಸಿದ್ದೇನೆ. ಮಿಕ್ಕದ್ದನ್ನು ನಮ್ಮ ಕೈಗಳೇ ನೋಡಿಕೊಳ್ಳಲಿ, ಅವಸರವಿಲ್ಲ.

ಬುಡಕ್ಕೆ ಸುತ್ತಲೂ ನಾಲ್ಕು ಬೆರಳಗಲ ಕೆಮ್ಮಣ್ಣಿನ ಪಟ್ಟಿ ಎಳೆದೆ. ಗೋಡೆಯ ಬುಡಕ್ಕೆ ಎಳೆಯುತ್ತಿದ್ದರಲ್ಲ, ಹಾಗೆ. ಒಳಗನ್ನು ಮುಟ್ಟಲಿಲ್ಲ. ಮಸಿಕುಡಿಕೆಯ ಗೂಡಿನಲ್ಲಿ ದುಂಡನೆಯ ಕಪ್ಪು ಕಲೆ, ಅಡಿಕೆಯ ವಾಸನೆ, ಹಲಗೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಮಾಡಿದ ಸಣ್ಣದೊಂದು ಕೂಡುವ ಲೆಕ್ಕ. ಹದಿನೇಳು, ಒಂಬತ್ತು, ನಾಲ್ಕು, ಮೊತ್ತ ಮೂವತ್ತು. ಸರಿಯಾಗಿದೆ.

ಅಮ್ಮ ಊರಿನಿಂದ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. "ಏನೇ ಇದು, ಅಣ್ಣನ ಡೆಸ್ಕಿಗೆ ಸುಣ್ಣ ಹೊಡೆದಿದೀಯ?"

"ಹೌದಮ್ಮ."

ಹತ್ತಿರ ಹೋದಳು. ಕೂತಳು, ಮಂಡಿನೋವು ಲೆಕ್ಕಿಸದೆ ನೆಲದ ಮೇಲೇ. ಮುಚ್ಚಳದ ಮೇಲೆ ಅಂಗೈ ಇಟ್ಟು, ಹಿಂದಕ್ಕೆ ತೆಗೆದು, ಅಂಗೈಗೆ ಬಿಳಿ ಅಂಟಿದೆಯೇ ಎಂದು ನೋಡಿಕೊಂಡಳು. ಅಂಟಿರಲಿಲ್ಲ. ಮತ್ತೆ ಇಟ್ಟಳು, ಈ ಸಲ ತೆಗೆಯಲಿಲ್ಲ. "ಯುಗಾದಿ ಹಿಂದಿನ ದಿನ ಹೀಗೇ ಇರ್ತಿತ್ತು ಕಣೇ, ಮನೆಯೆಲ್ಲ" ಎಂದಳು. ಆಮೇಲೆ ಎಡಪಕ್ಕದ ಹಲಗೆಯ ಕೆಳಮೂಲೆಗೆ ಬೆರಳಿಟ್ಟು, "ಇಲ್ಲೇನೋ ಕಲೆ ಆಗಿದೆಯಲ್ಲ?"

ಅಡಿಕೆಯಷ್ಟು ದೊಡ್ಡ ಹಳದಿ. ಅಲ್ಲೊಂದು ಕಡೆ ಅರಗು ತಾಗದೆ ಉಳಿದಿರಬೇಕು. ಒಂದು ಕೈ ಅರಗು, ಮೇಲೆ ಒಂದು ಕೈ ಬಣ್ಣ, ಹತ್ತು ನಿಮಿಷದ ಕೆಲಸ. ಆಚಾರ್ರ ಸೀಸೆ ಇನ್ನೂ ಬಾಲ್ಕನಿಯಲ್ಲೇ ಇದೆ. ಹೋದ ಮಳೆಗಾಲದಲ್ಲಿ ಆ ಕಲೆ ಗೋಡಂಬಿಯ ಗಾತ್ರಕ್ಕೆ ಬಂತು, ಬೇಸಿಗೆಯಲ್ಲಿ ಅಲ್ಲಿಗೇ ನಿಂತಿದೆ. ದಿನಾ ಬೆಳಿಗ್ಗೆ ಒಮ್ಮೆ ಬಗ್ಗಿ ನೋಡುತ್ತೇನೆ.